ಮೋಟರ್‌ಹೋಮ್‌ನ ಹಿಂಬದಿ ಕ್ಯಾಮೆರಾ: ದೋಷ ಪತ್ತೆಯ ಕ್ರಮ

ಅಡುಗೆಮನೆ, ಮಲಗುವ ಕೋಣೆ, ಶೌಚಾಲಯಗಳನ್ನು ಒಡಲಲ್ಲಿಟ್ಟುಕೊಂಡು ತನ್ನದೇ ಎಂಜಿನ್ನಿನ ಬಲದಿಂದ ಓಡುವ ವಾಹನಕ್ಕೆ ಮೋಟರ್‌ಹೋಮ್ ಎಂದು ಹೆಸರು. ಅಮೆರಿಕದ ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ ವಿನ್ನೆಬೇಗೋ ಕಂಪನಿ 1966ರಲ್ಲಿ ಇದರ ತಯಾರಿಕೆಗೆ ಇಳಿಯಿತು. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತಲ ಪ್ರದೇಶ ಇವತ್ತು ಈ ಉದ್ಯಮದ ತವರು. ದೊಡ್ಡ ಮಾದರಿಗಳು 40ರಿಂದ 45 ಅಡಿ ಉದ್ದ ಇರುತ್ತವೆ. ಹಿಂಗೋಡೆಗೆ ಹಾಸಿಗೆಯೋ ಬೀರುವೋ ಒತ್ತಿಕೊಂಡಿರುವುದರಿಂದ ಕಾರಿನ ಹಾಗೆ ನಡುಗನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುವುದಿಲ್ಲ. ಆ ಕೆಲಸವನ್ನು ಹಿಂಗೋಡೆಯ ನೆತ್ತಿಯಲ್ಲಿ ಕೂರಿಸಿದ ಕ್ಯಾಮೆರಾ, ಡ್ಯಾಶ್‌ಬೋರ್ಡಿನ ಪರದೆ ಮತ್ತು ಇವೆರಡರ ನಡುವಿನ ವೈರು ಸೇರಿ ಮಾಡುತ್ತವೆ. ಕಾರಿನಲ್ಲಿ ಇಂಥ ಕ್ಯಾಮೆರಾ ರಿವರ್ಸ್ ಗೇರ್ ಹಾಕಿದಾಗ ಮಾತ್ರ ಎಚ್ಚರಗೊಳ್ಳುತ್ತದೆ. ಮೋಟರ್‌ಹೋಮ್‌ನಲ್ಲಿ ಹಾಗಲ್ಲ, ಪ್ರಯಾಣದ ಉದ್ದಕ್ಕೂ ಅದು ತೆರೆದಿರುವುದೇ ಹೆಚ್ಚು. ಎಷ್ಟೋ ಮಂದಿ ಹಿಂದುಗಡೆ ಒಂದು ಸಣ್ಣ ಕಾರನ್ನು ನಾಲ್ಕೂ ಚಕ್ರ ನೆಲದ ಮೇಲೆ ಬಿಟ್ಟು ಎಳೆದೊಯ್ಯುತ್ತಾರೆ. ಅದರ ಟೈರು ಸಿಡಿದರೂ ಮುಂದೆ ಕೂತವರಿಗೆ ಸದ್ದು ಕೇಳುವುದಿಲ್ಲ, ಎಳೆತದಲ್ಲಿ ವ್ಯತ್ಯಾಸವೂ ತಿಳಿಯುವುದಿಲ್ಲ. ಹಾಗೆ ಕಟ್ಟಿಕೊಂಡಿರುವಾಗ ಹಿಂದಕ್ಕೆ ಬರುವುದಂತೂ ಸಾಧ್ಯವೇ ಇಲ್ಲ; ಬಂದರೆ ಕಾರಿನ ಮುಂಚಕ್ರಗಳು ಅಡ್ಡ ತಿರುಗಿ ಎಳೆಯುವ ಕಂಬಿ ಬಾಗುತ್ತದೆ. ಆದ್ದರಿಂದ ಈ ಕ್ಯಾಮೆರಾ ಕೆಟ್ಟರೆ ಡ್ರೈವರ್ ದಾರಿಯುದ್ದಕ್ಕೂ ಅರ್ಧ ಕುರುಡನಾಗಿ ಹೋಗಬೇಕಾಗುತ್ತದೆ.

ದೊಡ್ಡ ಪಕ್ಕಗನ್ನಡಿಗಳು ಇರುವಾಗ ಇಷ್ಟು ಚಿಂತೆ ಏಕೆ ಎಂದು ಅನುಭವಿ ಚಾಲಕರು ಕೇಳುವುದುಂಟು. ಪಕ್ಕಗನ್ನಡಿ ವಾಹನದ ಎರಡು ಅಂಚುಗಳನ್ನು ತೋರಿಸುತ್ತದೆಯೇ ಹೊರತು ಹಿಂಗೋಡೆಯ ನೇರ ಹಿಂದಿನ ನೆಲವನ್ನು ತೋರಿಸಲಾರದು; ಕನ್ನಡಿಯನ್ನು ಎಷ್ಟು ದೊಡ್ಡದು ಮಾಡಿದರೂ ಅಡ್ಡ ನಿಂತಿರುವ ವಾಹನದ ಮೈ ಪಾರದರ್ಶಕವಾಗುವುದಿಲ್ಲ. ಹಿಂದಕ್ಕೆ ಬರುವ ವಾಹನಗಳಿಗೆ ಸಿಕ್ಕಿ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 210 ಮಂದಿ ಸಾಯುತ್ತಾರೆ, 15,000 ಮಂದಿ ಗಾಯಗೊಳ್ಳುತ್ತಾರೆ ಎಂದು ಅಲ್ಲಿನ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ 2014ರಲ್ಲಿ ಅಂದಾಜು ಮಾಡಿತ್ತು. ಸತ್ತವರಲ್ಲಿ ಶೇಕಡಾ 31ರಷ್ಟು ಐದು ವರ್ಷದೊಳಗಿನ ಮಕ್ಕಳು. ಹಾಗೆ ತೀರಿಕೊಂಡ ಎರಡು ವರ್ಷದ ಮಗು ಕ್ಯಾಮರೂನ್ ಗುಲ್ಬ್ರಾನ್ಸನ್ ಹೆಸರಿನ ಕಾಯ್ದೆಗೆ 2008ರಲ್ಲಿ ಅಂಕಿತ ಬಿತ್ತು. ಅದರ ಅಡಿಯ ನಿಯಮ 2018ರ ಮೇ 1ರಿಂದ ಪೂರ್ತಿ ಜಾರಿಯಾಯಿತು: ರಿವರ್ಸ್ ಗೇರ್ ಬಿದ್ದ 2 ಸೆಕೆಂಡಿನೊಳಗೆ ಚಿತ್ರ ಮೂಡಬೇಕು, ಹಿಂದಿನ 10 ಅಡಿ ಅಗಲ, 20 ಅಡಿ ಉದ್ದದ ನೆಲ ಕಾಣಬೇಕು. ಆದರೆ ಇದು ಒಟ್ಟು ತೂಕದ ಮಿತಿ 10,000 ಪೌಂಡ್, ಅಂದರೆ ಸುಮಾರು 4,536 ಕಿಲೋಗ್ರಾಂವರೆಗಿನ ವಾಹನಗಳಿಗೆ ಮಾತ್ರ. ದೊಡ್ಡ ಮೋಟರ್‌ಹೋಮ್‌ಗಳೆಲ್ಲ ಈ ಮಿತಿಯನ್ನು ಮೀರಿದವು. ಹಾಗಾಗಿ ಯಾರಿಗೆ ಕ್ಯಾಮೆರಾ ಅತ್ಯಂತ ಅಗತ್ಯವೋ ಅವರ ವಾಹನದಲ್ಲಿ ಅದು ಹೇಗೆ ಕೆಲಸ ಮಾಡಬೇಕೆಂಬ ಕಾನೂನಿನ ಅಳತೆಗೋಲೇ ಇಲ್ಲ. ಅದನ್ನು ಸುಸ್ಥಿತಿಯಲ್ಲಿಡುವ ಹೊಣೆ ಪೂರ್ತಿಯಾಗಿ ಮಾಲೀಕನ ಮೇಲೆ ಬೀಳುತ್ತದೆ.

ಆ ಹೊಣೆ ಹೊತ್ತವರು ಮೊದಲು ಮಾಡುವ ತಪ್ಪೆಂದರೆ ಚಿತ್ರ ಹೋದ ಕೂಡಲೇ ಕ್ಯಾಮೆರಾ ಕೆಟ್ಟಿದೆ ಎಂದು ತೀರ್ಮಾನಿಸುವುದು. ದೋಷವನ್ನು ಮೊದಲು ಹುಡುಕಬೇಕಾದ ಜಾಗ ಕ್ಯಾಮೆರಾ ಅಲ್ಲ, ಪರದೆಯೂ ಅಲ್ಲ. ಅವೆರಡರ ನಡುವಿನ ದಾರಿ ಎಂಬುದು ಈ ಲೇಖನದ ವಾದ. ಕ್ಯಾಮೆರಾದೊಳಗೆ ಅಲುಗಾಡುವ ಭಾಗಗಳು ಇಲ್ಲವೆಂದರೂ ನಡೆಯುತ್ತದೆ, ಅದರ ಪೆಟ್ಟಿಗೆಯನ್ನು ನೀರು ನುಗ್ಗದಂತೆ ಮುಚ್ಚಿರುತ್ತಾರೆ. ಪರದೆ ಚಾಲಕನ ಮುಂದೆ ಬೆಚ್ಚಗೆ, ಒಣಗಿ ಕೂತಿರುತ್ತದೆ. ದಾರಿಯ ಸ್ಥಿತಿ ಹಾಗಲ್ಲ. ಅದು ನೆತ್ತಿಯಿಂದ ಗೋಡೆಯೊಳಗೆ ಇಳಿದು, ಷಾಸಿಯ ಅಡ್ಡಪಟ್ಟಿಗಳ ಮೇಲೆ ಹಾದು, ಇಂಧನ ಟ್ಯಾಂಕು, ಜನರೇಟರುಗಳ ಪಕ್ಕ ತೂರಿ ಡ್ಯಾಶ್‌ಬೋರ್ಡಿಗೆ ಬರುತ್ತದೆ. ಹಿಂಬದಿಯಲ್ಲಿ ಡೀಸೆಲ್ ಎಂಜಿನ್ ಇರುವ ಮಾದರಿಗಳಲ್ಲಿ ಅದೇ ಎಂಜಿನ್ನಿನ ಕಾವು, ನಡುಕಗಳ ನಡುವೆ ಹೊರಡುತ್ತದೆ. ನಡುವೆ ಎರಡೋ ಮೂರೋ ಕಡೆ ಕನೆಕ್ಟರುಗಳು. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಚಕ್ರಗಳಿಂದ ಚಿಮ್ಮಿ ಈ ಜೋಡಣೆಗಳ ಮೇಲೆ ಕೂರುತ್ತದೆ. ವಾಹನವನ್ನು ತಿಂಗಳುಗಟ್ಟಲೆ ನಿಲ್ಲಿಸಿದಾಗ ಇಲಿಗಳು ವೈರಿನ ಹೊದಿಕೆ ಕಡಿಯುತ್ತವೆ. ನಮ್ಮ ಗ್ಯಾರೇಜುಗಳಲ್ಲಿ ಎಲ್ಲದಕ್ಕೂ ‘ಲೂಸ್ ಕಾಂಟ್ಯಾಕ್ಟ್’ ಎನ್ನುವ ರೂಢಿಯಿದೆ. ಕೇಳಿದರೆ ಸೋಮಾರಿ ಉತ್ತರದಂತೆ ತೋರುತ್ತದೆ, ಆದರೆ ಇಲ್ಲಿ ಅದೇ ಎಲ್ಲಕ್ಕಿಂತ ನಿಖರವಾದ ಮೊದಲ ಅನುಮಾನ.

ವೈರು ಉದ್ದವಾದ್ದರಿಂದಲೇ ಚಿತ್ರ ಸೊರಗುತ್ತದೆ ಎನ್ನುವವರೂ ಇದ್ದಾರೆ. ಲೆಕ್ಕ ಹಾಕಿದರೆ ಇದು ನಿಲ್ಲುವುದಿಲ್ಲ. 22 ಗೇಜಿನ ಸಣ್ಣ ತಾಮ್ರದ ವೈರಿಗೆ 1,000 ಅಡಿಗೆ ಸುಮಾರು 16 ಓಮ್ ರೋಧ. 40 ಅಡಿಯ ವಾಹನದಲ್ಲಿ ಹೋಗಿ ಬರುವ ದಾರಿ 80 ಅಡಿ, ಅಂದರೆ 1.3 ಓಮ್. ಕ್ಯಾಮೆರಾ 0.2 ಆಂಪಿಯರ್ ಎಳೆದರೆ ವೈರಿನಲ್ಲಿ ಕಳೆದುಹೋಗುವುದು ಕಾಲು ವೋಲ್ಟ್ ಮಾತ್ರ. 12 ವೋಲ್ಟಿನ ವ್ಯವಸ್ಥೆಗೆ ಅದು ಲೆಕ್ಕಕ್ಕಿಲ್ಲ. ಚಿತ್ರ ಸಾಗಿಸುವ 75 ಓಮ್‌ನ ಕೊಏಕ್ಸಿಯಲ್ ಕೇಬಲ್ಲಿನ ವಿಷಯವೂ ಹೀಗೇ. ಕಾವಲು ಕ್ಯಾಮೆರಾಗಳವರು ಇದೇ ಬಗೆಯ ಕೇಬಲ್ಲನ್ನು 200 ಮೀಟರಿಗಿಂತ ಹೆಚ್ಚು ದೂರ ಎಳೆಯುತ್ತಾರೆ, ಇಲ್ಲಿನ ದೂರ 12-14 ಮೀಟರ್. ಅದೇ ಒಂದು ಪಿನ್ನಿಗೆ ಕಿಲುಬು ಹಿಡಿದು 10 ಓಮ್ ರೋಧ ಸೇರಿಕೊಂಡಿತೆನ್ನಿ: ಆ ಒಂದು ಚುಕ್ಕೆಯಲ್ಲೇ 2 ವೋಲ್ಟ್ ಕರಗಿಹೋಗುತ್ತದೆ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿ ವಿದ್ಯುತ್ತಿನ ಎಳೆತ ಹೆಚ್ಚಿದಾಗ ನಷ್ಟ ಇನ್ನೂ ಏರುತ್ತದೆ. ಹಗಲೆಲ್ಲ ಸರಿಯಿದ್ದು ಕತ್ತಲಾದ ಮೇಲೆ ಮಿನುಗುವ ಚಿತ್ರಕ್ಕೆ ಇದೇ ಕಾರಣವಾಗಿರಬಹುದು. ಎಂಬತ್ತು ಅಡಿ ತಾಮ್ರ ಮಾಡದ ಹಾನಿಯನ್ನು ಸಾಸಿವೆ ಕಾಳಿನಷ್ಟು ಕಿಲುಬು ಮಾಡಬಲ್ಲದು.

ಈ ಕಿಲುಬನ್ನು ಮಲ್ಟಿಮೀಟರ್ ಕಂಡುಹಿಡಿಯುವುದಿಲ್ಲವೇ ಎಂದರೆ, ಬಳಸುವ ಬಗೆ ತಪ್ಪಿದರೆ ಅದು ದಾರಿ ತಪ್ಪಿಸುತ್ತದೆ. ಕ್ಯಾಮೆರಾ ಕಳಚಿ ತೆರೆದ ಪಿನ್ನುಗಳಿಗೆ ಮೀಟರ್ ಹಿಡಿದರೆ 12.6 ವೋಲ್ಟ್ ಎಂದು ಠೀವಿಯಿಂದ ತೋರಿಸುತ್ತದೆ. ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ 10 ಮೆಗಾಓಮ್ ಆಗಿರುವುದರಿಂದ ಅದು ಎಳೆಯುವ ವಿದ್ಯುತ್ತು ಗಣನೆಗೇ ಸಿಗದಷ್ಟು. ಹರಿವೇ ಇಲ್ಲದಿದ್ದರೆ ಅಡ್ಡಿ ಕಾಣುವುದು ಹೇಗೆ? ಕೊಳಾಯಿ ಕಟ್ಟಿಕೊಂಡಿದೆಯೇ ಎಂದು ನಲ್ಲಿ ಮುಚ್ಚಿಟ್ಟು ಪರೀಕ್ಷಿಸಿದ ಹಾಗೆ ಅದು. ಸರಿಯಾದ ಪರೀಕ್ಷೆ ಹೊರೆ ಹೇರಿ ಮಾಡುವುದು. 5 ವಾಟಿನ ಒಂದು ಬಲ್ಬಿನ ಟೆಸ್ಟ್ ಲ್ಯಾಂಪನ್ನು ಅದೇ ಪಿನ್ನುಗಳಿಗೆ ಹಿಡಿದರೆ ಅದು ಸುಮಾರು 0.4 ಆಂಪಿಯರ್ ಎಳೆಯುತ್ತದೆ, ದಾರಿಯಲ್ಲಿ ಅಡ್ಡಿಯಿದ್ದರೆ ಮಂಕಾಗಿ ಉರಿದು ಹೇಳಿಬಿಡುತ್ತದೆ. ಬಲ್ಬು ಉರಿಯುತ್ತಿರುವಾಗಲೇ ಮೀಟರ್ ಹಿಡಿದರೆ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂಬುದೂ ತಿಳಿಯುತ್ತದೆ. ವೈರು ತುಂಡಾಗಿಲ್ಲವೆಂದು ಬೀಪ್ ಸದ್ದು ಮಾಡುವ ಪರೀಕ್ಷೆಯನ್ನು ನೆಚ್ಚುವವರು ಒಂದು ಮಾತು ನೆನಪಿಡಬೇಕು: ಹತ್ತಾರು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ. ಕಂಪ್ಯೂಟರ್ ಘಟಕಗಳಿಂದ ಬರುವ ಸಣ್ಣ ಸಂಕೇತದ ವೈರುಗಳಿಗೆ ಮಾತ್ರ ಈ ಬಲ್ಬನ್ನು ತಾಗಿಸಬಾರದು. ಅಷ್ಟು ಎಳೆತವನ್ನು ಅವು ತಡೆಯಲಾರವು.

ಮೋಟರ್‌ಹೋಮ್‌ಗೆ ವಿಶಿಷ್ಟವಾದ ತೊಡಕು ಅರ್ತ್‌ನದು, ಇಲ್ಲಿ ತುಸು ನಿಂತು ನೋಡಬೇಕು. ಕಾರಿನ ಮೈ ಉಕ್ಕಿನದು. ಯಾವ ಮೂಲೆಯಲ್ಲಿ ಸ್ಕ್ರೂ ಬಿಗಿದರೂ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ ಸಿಗುತ್ತದೆ. ಮೋಟರ್‌ಹೋಮ್‌ನ ಹಿಂಗೋಡೆ ಫೈಬರ್‌ಗ್ಲಾಸಿನದು, ಅದರ ಬೆನ್ನಿಗೆ ಮರವೋ ಅಲ್ಯುಮಿನಿಯಂ ಚೌಕಟ್ಟೋ ಇರುತ್ತದೆ. ಆದ್ದರಿಂದ ಮರಳುವ ದಾರಿಗೂ ಒಂದು ವೈರು ಬೇಕು, ಅದು ಕೆಳಗೆ ಷಾಸಿಯ ಉಕ್ಕಿನ ಪಟ್ಟಿಗೆ ಬೋಲ್ಟ್ ಆಗಿರುತ್ತದೆ. ನೀರು, ಉಪ್ಪು, ಕೆಸರು ಮೊದಲು ತಲುಪುವುದು ಆ ಬೋಲ್ಟನ್ನೇ. ತುಕ್ಕು ಹಿಡಿದು ಅದು ಕೈಬಿಟ್ಟಾಗ ಕ್ಯಾಮೆರಾ ಸತ್ತುಹೋಗುವುದಿಲ್ಲ. ವಿಚಿತ್ರವಾಗಿ ಅರೆಜೀವದಲ್ಲಿ ಇರುತ್ತದೆ. ವಿದ್ಯುತ್ತು ಇನ್ನೊಂದು ದಾರಿ ಹುಡುಕಿಕೊಂಡು ಚಿತ್ರದ ಕೇಬಲ್ಲಿನ ಹೊರಜಾಲರಿಯ ಮೂಲಕ ಪರದೆಗೆ ಹೋಗಿ ಅಲ್ಲಿಂದ ಅರ್ತ್ ಸೇರುತ್ತದೆ. ಹಳೆಯ ಅನಲಾಗ್ ಪದ್ಧತಿಯಲ್ಲಿ ಇಡೀ ಚಿತ್ರಸಂಕೇತದ ಎತ್ತರ 1 ವೋಲ್ಟ್, ಅದರಲ್ಲಿ ಸಾಲುಗಳನ್ನು ಹಿಡಿದು ನಿಲ್ಲಿಸುವ ಸಿಂಕ್ ಮಿಡಿತದ ಪಾಲು ಬರೀ 0.3 ವೋಲ್ಟ್. ಅಷ್ಟು ಸೂಕ್ಷ್ಮದ ಜಾಗದಲ್ಲಿ ಬೇರೆ ಹೊರೆಗಳ ವಿದ್ಯುತ್ತು ನುಗ್ಗಿದರೆ ಚಿತ್ರ ತಡೆಯುವುದೆಂತು? ಹಿಂದೀಪಗಳೂ ಅದೇ ಬೋಲ್ಟಿಗೆ ಅರ್ತ್ ಆಗಿದ್ದರೆ ಗುರುತು ಇನ್ನೂ ಸ್ಪಷ್ಟ. ತಂತಿಯ ಬ್ರೇಕ್ ಬಲ್ಬು ಒಂದೊಂದೂ ಸುಮಾರು 2 ಆಂಪಿಯರ್ ಎಳೆಯುತ್ತದೆ. ಬ್ರೇಕ್ ಒತ್ತಿದಾಗಲೆಲ್ಲ ಚಿತ್ರ ಹಾರುತ್ತದೆ, ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ತಕ್ಕಂತೆ ನಡುಗುತ್ತದೆ. ಈ ಲಕ್ಷಣ ಕಂಡ ಮೇಲೆ ಕ್ಯಾಮೆರಾ ಬಿಚ್ಚುವ ಅಗತ್ಯವೇ ಇಲ್ಲ. ಬೋಲ್ಟ್ ಕಳಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ತುದಿ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದರೆ ಕೆಲಸ ಮುಗಿಯಿತು.

ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ದಾರಿಯಲ್ಲಿ ಎಲ್ಲಿ ಏನಾಗಿದೆ ಎಂಬುದಕ್ಕೆ ಮೊದಲ ಸಾಕ್ಷಿ ಪರದೆಯೇ. ಉಪಕರಣ ಕೈಗೆತ್ತಿಕೊಳ್ಳುವ ಮೊದಲು ಅದನ್ನು ಓದಲು ಕಲಿಯಬೇಕು. ಪರದೆ ಸಂಪೂರ್ಣ ಕಪ್ಪಾಗಿ ಸೂಚಕ ದೀಪವೂ ಹೊತ್ತದಿದ್ದರೆ ವಿದ್ಯುತ್ತು ಪರದೆಗೇ ಬರುತ್ತಿಲ್ಲ: ಫ್ಯೂಸು, ಇಗ್ನಿಷನ್ನಿನ ವೈರು ನೋಡಬೇಕು. ನೀಲಿ ಪರದೆಯೋ ‘ಸಿಗ್ನಲ್ ಇಲ್ಲ’ ಎಂಬ ಬರಹವೋ ಬಂದರೆ ಪರದೆ ಆರೋಗ್ಯವಾಗಿದೆ, ಹಿಂದಿನಿಂದ ಏನೂ ತಲುಪುತ್ತಿಲ್ಲ ಎಂದರ್ಥ. ಚಿತ್ರ ಮೇಲಕ್ಕೋ ಕೆಳಕ್ಕೋ ಉರುಳುತ್ತಿದ್ದರೆ ಸಿಂಕ್ ಮಿಡಿತ ದುರ್ಬಲವಾಗಿದೆ, ಇಲ್ಲವೇ ಕ್ಯಾಮೆರಾ ಒಂದು ಪದ್ಧತಿಯದು, ಪರದೆ ಇನ್ನೊಂದರದು. ಅಮೆರಿಕ ಮತ್ತು ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಚಿತ್ರಕ್ಕೆ 525 ಸಾಲು, ಭಾರತವೂ ಬಳಸುವ ಪಾಲ್ ಪದ್ಧತಿಯಲ್ಲಿ 625. ಅಗಲವಾದ ಮಸುಕು ಪಟ್ಟಿಗಳು ನಿಧಾನಕ್ಕೆ ತೇಲುತ್ತಾ ಹೋದರೆ ಅರ್ತ್‌ನಲ್ಲೋ ಆಲ್ಟರ್ನೇಟರಿನಲ್ಲೋ ಇನ್ವರ್ಟರಿನಲ್ಲೋ ಮೂಲವಿದೆ. ಎಂಜಿನ್ ನಿಲ್ಲಿಸಿ, ಇನ್ವರ್ಟರ್ ಆರಿಸಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ವಸ್ತುಗಳ ಪಕ್ಕದಲ್ಲೇ ನೆರಳಿನಂತೆ ಎರಡನೇ ಅಂಚು ಕಂಡರೆ ಕೇಬಲ್ಲಿನ ಕೊನೆಯಲ್ಲಿ 75 ಓಮ್‌ನ ಹೊಂದಿಕೆ ತಪ್ಪಿ ಸಂಕೇತ ಮರಳಿ ಬಡಿಯುತ್ತಿದೆ. ಹಳ್ಳ ದಿಣ್ಣೆಯಲ್ಲಿ ಮಾತ್ರ ಕಣ್ಣು ಮಿಟುಕಿಸುವ ಚಿತ್ರಕ್ಕೆ ಕನೆಕ್ಟರೇ ಕಾರಣ. ರಾತ್ರಿ ಹಿಂದಿನ ವಾಹನದ ದೀಪದಿಂದ ಪರದೆಯುದ್ದಕ್ಕೂ ನೆಟ್ಟಗೆ ಬಿಳಿ ಗೆರೆ ಎಳೆದಂತಾಗುವುದು ಹಳೆಯ ಸಿಸಿಡಿ ಕ್ಯಾಮೆರಾಗಳ ಹುಟ್ಟುಗುಣ, ಅದನ್ನು ದೋಷವೆಂದು ಬೆನ್ನು ಹತ್ತಬೇಕಿಲ್ಲ.

ವಿದ್ಯುತ್ತಿನ ಮೂಲದ ಬಗ್ಗೆ ಹೇಳುವಾಗ, ಈ ವಾಹನದಲ್ಲಿ ಬ್ಯಾಟರಿಗಳ ಸಂಸಾರ ಎರಡು ಎಂಬುದನ್ನು ಮರೆಯಬಾರದು. ಎಂಜಿನ್ ಚಾಲೂ ಮಾಡುವುದು ಒಂದು, ಮನೆಯ ದೀಪ, ಪಂಪುಗಳಿಗೆ ಇನ್ನೊಂದು. ಮನೆಯ ಬ್ಯಾಟರಿಗೆ ಬಾಗಿಲ ಬಳಿ ಒಂದು ಮುಖ್ಯ ಸ್ವಿಚ್ಚು ಇರುತ್ತದೆ. ಕ್ಯಾಮೆರಾವನ್ನು ಆ ಕಡೆಗೆ ಜೋಡಿಸಿದ್ದರೆ, ವಾಹನ ನಿಲ್ಲಿಸಿದಾಗ ಆರಿಸಿದ ಸ್ವಿಚ್ಚನ್ನು ಮರಳಿ ಹಾಕದೆ ಹೊರಟರೆ ಎಲ್ಲ ಸರಿಯಿದ್ದೂ ಕ್ಯಾಮೆರಾ ಮಾತ್ರ ಏಳುವುದಿಲ್ಲ. ರಿವರ್ಸ್ ಹಾಕಿದಾಗ ಪರದೆ ತಾನಾಗಿ ತೆರೆಯದೆ, ಗುಂಡಿ ಒತ್ತಿದರೆ ತೆರೆಯುತ್ತದೆಂದಾದರೆ ರಿವರ್ಸ್ ದೀಪದಿಂದ ಬರುವ ಸೂಚನೆಯ ವೈರು ಕಳಚಿದೆ. ಇದಕ್ಕೆ ತದ್ವಿರುದ್ಧವಾಗಿ, ರಿವರ್ಸ್‌ನಲ್ಲಿ ಮಾತ್ರ ಚಿತ್ರ ಬಂದು ಓಡುವಾಗ ಬಾರದಿದ್ದರೆ, ಹಿಂದೆ ಯಾರೋ ಕ್ಯಾಮೆರಾಕ್ಕೇ ರಿವರ್ಸ್ ದೀಪದಿಂದ ವಿದ್ಯುತ್ತು ಎಳೆದಿದ್ದಾರೆ. ಹೊಸ ಯುರೋಪಿಯನ್ ವ್ಯಾನುಗಳ ಮೇಲೆ ಕಟ್ಟಿದ ಮೋಟರ್‌ಹೋಮ್‌ಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಕಂಪ್ಯೂಟರ್ ದೀಪಗಳಿಗೆ ವಿದ್ಯುತ್ತನ್ನು ಸತತವಾಗಿ ಕೊಡದೆ ಮಿಡಿತಗಳಾಗಿ ಕೊಡುವುದುಂಟು. ಬಲ್ಬಿನ ತಂತಿಗೆ ಅದು ಗೊತ್ತಾಗುವುದಿಲ್ಲ, ಕ್ಯಾಮೆರಾ ಮಾತ್ರ ಪ್ರತಿ ಮಿಡಿತಕ್ಕೂ ಸತ್ತು ಹುಟ್ಟುತ್ತದೆ. ನಡುವೆ ಒಂದು ಫಿಲ್ಟರ್ ಅಥವಾ ರಿಲೇ ಇಟ್ಟರೆ ಇದು ನಿಲ್ಲುತ್ತದೆ.

ಈಗ ಕ್ಯಾಮೆರಾಗಳು ಅಗ್ಗ, ಇಷ್ಟೆಲ್ಲ ತನಿಖೆಗಿಂತ ಹೊಸದೊಂದು ತಂದು ಹಾಕುವುದೇ ಸುಲಭವಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಬಾರದು. ಗ್ಯಾರೇಜಿನಲ್ಲಿ ಗಂಟೆಯ ಕೂಲಿ ಕೆಲವೊಮ್ಮೆ ಕ್ಯಾಮೆರಾದ ಬೆಲೆಯನ್ನೇ ಮೀರುತ್ತದೆ. ಆದರೆ ಹೊಸ ಕ್ಯಾಮೆರಾ ಹಾಕುವುದೆಂದರೆ ಹತ್ತಕ್ಕೂ ಹೆಚ್ಚು ಅಡಿ ಎತ್ತರದಲ್ಲಿ ಏಣಿಯ ಮೇಲೆ ನಿಂತು, ನೀರು ಸೋರದಂತೆ ಹಚ್ಚಿದ ಅಂಟನ್ನು ಕೆರೆದು, ಹಳೆಯ ತೂತುಗಳಿಗೆ ಹೊಂದದ ಚೌಕಟ್ಟನ್ನು ಹೊಂದಿಸಿ, ಮತ್ತೆ ಅಂಟು ಹಾಕುವುದು. ಅದು ಒಂದಿಷ್ಟು ತಪ್ಪಿದರೂ ಹಿಂಗೋಡೆಯೊಳಗೆ ಮಳೆನೀರು ಇಳಿದು ಮರ ಕೊಳೆಯುತ್ತದೆ, ಆಗಿನ ಖರ್ಚಿನ ಮುಂದೆ ಕ್ಯಾಮೆರಾದ ಬೆಲೆ ಏನೂ ಅಲ್ಲ. ಇಷ್ಟು ಮಾಡಿದ ಮೇಲೂ ಕಿಲುಬು ಹಿಡಿದ ಪಿನ್ನು ಇದ್ದಲ್ಲೇ ಇರುತ್ತದೆ. ಬದಲಿಸಿ ನೋಡುವ ಆಲೋಚನೆ ತಪ್ಪಲ್ಲ, ಅದನ್ನು ಏಣಿಯ ಮೇಲೆ ಮಾಡುವುದು ತಪ್ಪು. ದಾರಿಯನ್ನು ಅರ್ಧಕ್ಕೆ ಕಡಿದು ಯಾವ ಅರ್ಧದಲ್ಲಿ ದೋಷವಿದೆಯೆಂದು ನೋಡುವುದೇ ಕಡಿಮೆ ಶ್ರಮದ ಕ್ರಮ. ಚಾಲಕನ ಸೀಟಿನಲ್ಲೇ ಕೂತು, ಹಳದಿ ಪಿನ್ನಿನ ವಿಡಿಯೋ ಕೊಡುವ ಹಳೆಯ ಡಿವಿಡಿ ಪ್ಲೇಯರನ್ನು ಪರದೆಗೆ ಜೋಡಿಸಿದರೆ ಪರದೆಯ ಪರೀಕ್ಷೆ ಮುಗಿಯಿತು. ಅದೇ ಪ್ಲೇಯರನ್ನು ಹಿಂದೆ ಕೆಳಗಿರುವ ಕನೆಕ್ಟರಿಗೆ ಸಿಕ್ಕಿಸಿ ಮುಂದೆ ಚಿತ್ರ ಬಂದರೆ ನಡುವಿನ ಕೇಬಲ್ಲಿನ ಪರೀಕ್ಷೆಯೂ ಆಯಿತು; ಬಾರದಿದ್ದರೆ ಕ್ಯಾಮೆರಾದ ಮೇಲಿನ ಅನುಮಾನ ಅಲ್ಲಿಗೆ ಬಿಡಬಹುದು. ಆಗಾಗ ಬಂದು ಹೋಗುವ ದೋಷಕ್ಕೆ ಇಬ್ಬರು ಬೇಕು: ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ತಡೆಕಟ್ಟೆ ಕೊಟ್ಟು, ಒಬ್ಬರು ಪರದೆ ನೋಡುತ್ತಿರಬೇಕು, ಇನ್ನೊಬ್ಬರು ಎಂಜಿನ್ ನಿಂತಿರುವಾಗ ಜೋಡಣೆಗಳನ್ನು ಒಂದೊಂದಾಗಿ ಅಲುಗಿಸುತ್ತಾ ಬರಬೇಕು.

ಕ್ಯಾಮೆರಾ ಎಂದೂ ಕೆಡುವುದಿಲ್ಲವೆಂದು ಇದರರ್ಥವಲ್ಲ. ಅದು ಕೆಟ್ಟಾಗ ತೋರುವ ಚಹರೆ ಬೇರೆ: ಚಿತ್ರ ಸ್ಥಿರವಾಗಿರುತ್ತದೆ, ನೋಟ ಕೆಟ್ಟಿರುತ್ತದೆ. ಬೆಳಿಗ್ಗೆ ಮಂಜು ಕವಿದಂತಿದ್ದು ಬಿಸಿಲೇರಿದಂತೆ ತಿಳಿಯಾದರೆ ಲೆನ್ಸಿನ ಹಿಂದೆ ತೇವ ಸೇರಿದೆ. ಐಪಿ 67 ಎಂದು ಬರೆದ ಮೇಲೆ ನೀರು ಹೇಗೆ ಹೋಯಿತು ಎಂದು ಕೇಳಬಹುದು. ಆ ಪರೀಕ್ಷೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿಸಿ ನೋಡುವಂಥದು. ಬಿಸಿಲಿಗೆ ಕಾದ ಪೆಟ್ಟಿಗೆಯ ಮೇಲೆ ತಟ್ಟನೆ ಮಳೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ತೇವವನ್ನು ಹೀರಿಕೊಳ್ಳುವುದನ್ನು, ಅದೂ ವರ್ಷಗಟ್ಟಲೆ, ಅದು ಅಳೆಯುವುದಿಲ್ಲ. ಹಗಲಿನಲ್ಲಿ ಹಸಿರು ಗಿಡವೆಲ್ಲ ನಸುಗೆಂಪಾಗಿ ಕಂಡರೆ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಪಕ್ಕಕ್ಕೆ ಸರಿದು ಅಲ್ಲೇ ಸಿಕ್ಕಿಕೊಂಡಿದೆ. ರಾತ್ರಿ ಹಾಲು ಚೆಲ್ಲಿದಂಥ ಬೆಳ್ಳಗಿನ ಮಸುಕು ಬಂದರೆ ದೀಪಗಳ ಬೆಳಕು ಕೊಳೆಯಾದ ಗಾಜಿಗೆ ತಾಗಿ ಲೆನ್ಸಿಗೇ ಮರಳುತ್ತಿದೆ, ಮೊದಲು ಒರೆಸಿ ನೋಡಬೇಕು.

ವೈರೇ ಇಲ್ಲದ ಕ್ಯಾಮೆರಾ ಹಾಕಿದರೆ ದಾರಿಯ ತಂಟೆ ತಪ್ಪೀತು ಎಂಬುದು ಮತ್ತೊಂದು ವಾದ. ತಪ್ಪುವುದು ಚಿತ್ರದ ವೈರು ಮಾತ್ರ. ವಿದ್ಯುತ್ತಿನ ವೈರು, ಅರ್ತ್ ಬೋಲ್ಟ್ ಎರಡೂ ಉಳಿಯುತ್ತವೆ. ಚಿತ್ರದ ದಾರಿ ಈಗ ಗಾಳಿಯಲ್ಲಿದೆ, ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ತರಂಗಗಳಲ್ಲಿ. ಶಿಬಿರದ ವೈಫೈ, ಬ್ಲೂಟೂತ್, ಮೋಟರ್‌ಹೋಮ್‌ನ ಒಳಗೇ ಇರುವ ಮೈಕ್ರೋವೇವ್ ಒಲೆ ಎಲ್ಲಕ್ಕೂ ಅದೇ ಓಣಿ. ಪೊಟ್ಟಣದ ಮೇಲೆ ಬರೆದ ದೂರ ಬಯಲಿನಲ್ಲಿ ಅಳೆದದ್ದು. ಇಲ್ಲಿ ಅಲ್ಯುಮಿನಿಯಂ ಚೌಕಟ್ಟು, ಫ್ರಿಜ್ಜು, ಬೀರುಗಳನ್ನೆಲ್ಲ ದಾಟಿ ತರಂಗ ಬರಬೇಕು. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಹೆಚ್ಚು ಕಳವಳದ ಸಂಗತಿ ಬೇರೆಯಿದೆ. ಅನಲಾಗ್ ಚಿತ್ರ ಕೆಟ್ಟರೆ ಗೆರೆ, ನಡುಕ, ಮಸುಕುಗಳಾಗಿ ತನ್ನ ರೋಗವನ್ನು ತಾನೇ ಹೇಳಿಕೊಳ್ಳುತ್ತದೆ. ಡಿಜಿಟಲ್ ಚಿತ್ರ ಹಾಗೆ ಹೇಳಿಕೊಳ್ಳದೆ ಇರಬಹುದು. ಸಂಕೇತ ತಪ್ಪಿದಾಗ ಕೆಲವು ಸಾಧನಗಳು ಕೊನೆಯ ಚಿತ್ರವನ್ನೇ ಹಿಡಿದು ನಿಲ್ಲಿಸುತ್ತವೆ. ಖಾಲಿ ನೆಲ ಸ್ಪಷ್ಟವಾಗಿ ಕಾಣುತ್ತಿರುತ್ತದೆ, ಅದು ಎರಡು ಸೆಕೆಂಡಿನ ಹಿಂದಿನ ನೆಲ. ಸುಂದರವಾಗಿ ಸುಳ್ಳು ಹೇಳುವ ಪರದೆಗಿಂತ ಕಪ್ಪಾದ ಪರದೆ ಸುರಕ್ಷಿತ, ಕಪ್ಪು ಪರದೆ ಕಂಡವನು ಇಳಿದು ನೋಡುತ್ತಾನೆ. ಹೊರಡುವ ಮೊದಲು ಕ್ಯಾಮೆರಾದ ಮುಂದೆ ಒಬ್ಬರು ಕೈ ಬೀಸಿ, ಪರದೆಯಲ್ಲಿ ಆ ಕೈ ತಡವಿಲ್ಲದೆ ಆಡುತ್ತಿದೆಯೇ ಎಂದು ಖಚಿತ ಮಾಡಿಕೊಳ್ಳುವ ರೂಢಿ ಆದ್ದರಿಂದ ನಿಸ್ತಂತು ವ್ಯವಸ್ಥೆಗೆ ಅನಿವಾರ್ಯ.

ಎಲ್ಲ ಪರೀಕ್ಷೆ ಮುಗಿದು ಕ್ಯಾಮೆರಾ ಬದಲಿಸಲೇಬೇಕೆಂದು ಗೊತ್ತಾದಾಗ ಹೊಂದಿಕೆಯನ್ನು ಮೊದಲು ನೋಡಬೇಕು. ಇಂದು ಸಿಗುವ ಎಎಚ್‌ಡಿ ಕ್ಯಾಮೆರಾಗಳು 720 ಅಥವಾ 1080 ಸಾಲುಗಳ ಚಿತ್ರ ಕಳಿಸುತ್ತವೆ. ಹಳೆಯ ಪರದೆಗೆ ಅದು ಅರ್ಥವಾಗದೆ ಕಪ್ಪಾಗಿಯೋ ಚೂರುಚೂರಾಗಿಯೋ ತೋರುತ್ತದೆ, ಹೊಸ ಕ್ಯಾಮೆರಾವೂ ಕೆಟ್ಟದ್ದೇ ಬಂತೆಂದು ಮಾಲೀಕ ಹಿಂದಿರುಗಿಸುತ್ತಾನೆ. ಕನೆಕ್ಟರ್ ನೋಡಲು ಒಂದೇ ಥರ ಇದ್ದರೂ ಪಿನ್ನುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ, ವಿಡಿಯೋದ ಪಿನ್ನಿಗೆ 12 ವೋಲ್ಟ್ ಹೋದರೆ ಸುಟ್ಟೇಹೋಗುತ್ತದೆ. ಎಡಬಲ ಅದಲುಬದಲಾಗಿ ತೋರುವ ಕನ್ನಡಿ ನೋಟ ಕ್ಯಾಮೆರಾದಲ್ಲೋ ಪರದೆಯಲ್ಲೋ ಒಂದೇ ಕಡೆ ಇರಬೇಕು, ಎರಡೂ ಕಡೆ ಹಾಕಿದರೆ ಒಂದನ್ನೊಂದು ಅಳಿಸಿ ಎಡಗಡೆಯ ಮರ ಬಲಗಡೆ ಕಾಣುತ್ತದೆ. 1990ರ ದಶಕದ ವಾಹನಗಳಲ್ಲಿ ಉಳಿದಿರುವ ಕಪ್ಪು-ಬಿಳುಪು ಗಾಜಿನ ನಳಿಗೆಯ ಪರದೆಯ ಮಟ್ಟಿಗೆ ಮಾತ್ರ ದುರಸ್ತಿಯ ವಾದವನ್ನು ಕೈಬಿಡಬೇಕು. ಅದರ ಬಿಡಿಭಾಗಗಳು ಸಿಗುವುದು ಕಷ್ಟ. ವಿದ್ಯುತ್ತು ಕಡಿದ ಮೇಲೂ ನಳಿಗೆ ಸಾವಿರಾರು ವೋಲ್ಟನ್ನು ಹಿಡಿದಿಟ್ಟುಕೊಂಡಿರಬಲ್ಲದು, ಹಾಗಾಗಿ ತಿಳಿಯದವರು ಅದರ ಬೆನ್ನು ಬಿಚ್ಚಬಾರದು. ಹಾಗೆಂದು ಅದರ ಹಿಂದಿನ ಕೇಬಲ್ಲನ್ನು ಕಿತ್ತು ಎಸೆಯಬೇಕಾಗಿಲ್ಲ. ಮೂವತ್ತು ವರ್ಷ ಗೋಡೆಯೊಳಗೆ ಒಣಗಿ ಮಲಗಿದ್ದ ಕೊಏಕ್ಸಿಯಲ್ ವೈರು, ಎರಡು ತುದಿಗೂ ಹೊಸ ಪಿನ್ನು ಹಾಕಿದರೆ ಹೊಸ ಪರದೆಗೂ ಚಿತ್ರ ತಂದುಕೊಡುತ್ತದೆ.